ಆರತಿ ಆರಿಸಿದ ಅತ್ತೆ

ಲೇಡೀಸ್ ಹಾಸ್ಟೆಲ್, ಚಿಕ್ಕಬಳ್ಳಾಪುರ
2 ನವೆಂಬರ್ 2025

ಪ್ರೀತಿಯ ಅಕ್ಕನಿಗೆ,

ಮೊದಲು, ಈ ಪತ್ರವನ್ನು ನಿನಗಿಂತ ಮುಂಚೆ ಓದುತ್ತಿರುವ ಚಾನೆಲ್‌ನ ಸರ್ ಅಥವಾ ಮೇಡಂ ಅವರಿಗೆ ನಮಸ್ಕಾರ. ನಿಮ್ಮ ರೂಲ್ಸ್ ಪೇಪರ್ ಓದಿದ್ದೇನೆ. ಸ್ಪರ್ಧಿಗಳಿಗೆ ಫೋನ್ ಇಲ್ಲ, ಮನೆಯಿಂದ ಪತ್ರ ಮಾತ್ರ, ಅದನ್ನೂ ನೀವು ಒಡೆದು ಓದಿಯೇ ಕೊಡುತ್ತೀರಿ. ಚೆನ್ನಾಗಿದ್ದರೆ ಟೀವಿಯಲ್ಲೂ ಓದಿಸುತ್ತೀರಂತೆ. ಹಾಗೇನಾದರೂ ಆದರೆ ನನ್ನ ಕನ್ನಡದ ಮಿಸ್ಟೇಕ್‌ಗಳನ್ನು ದಯವಿಟ್ಟು ತಿದ್ದಿ ಓದಿಸಿ. ಆರನೇ ಕ್ಲಾಸಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದವಳು ನಾನು. ಅರ್ಧ ಯೋಚನೆ ಇಂಗ್ಲಿಷಿನಲ್ಲಿ ಬರುತ್ತದೆ, ಉಳಿದರ್ಧ ಭಯದಲ್ಲಿ.

ಅಕ್ಕ, ನಿನ್ನೆ ‘ಒಲವಿನ ಅಂಗಳ’ದ ಮೊದಲ ಎಪಿಸೋಡ್ ಬಂತು. ಹಾಸ್ಟೆಲ್‌ನ ಟೀವಿ ರೂಮ್ ಫುಲ್. ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ಅಂಗಳದ ಸೆಟ್ಟು, ಮಣ್ಣಿನದೇ ಅನ್ನಿಸುವ ಮಣ್ಣು, ನಡುವೆ ಪ್ಲಾಸ್ಟಿಕ್ ತುಳಸಿ. ಚಾನೆಲ್‌ನವರೇ ಸೇರಿಸಿದ ನಾಲ್ಕು ಜೋಡಿಗಳಲ್ಲಿ ಕೊನೆಗೆ ನಿನ್ನನ್ನು ಕರೆದರು. “ಶಿಡ್ಲಘಟ್ಟದ ರೇಷ್ಮೆ ಹುಳುವಿನ ಬಡ ಹುಡುಗಿ, ಗೌತಮಿ!”

ಬಡ ಅಂತ ಯಾಕೆ ಅಂದರು? ನೀನು ಅಮ್ಮನ ಜೊತೆ ಚಾಕಿ ಕೇಂದ್ರ ನಡೆಸುತ್ತೀಯ, ಮೊಟ್ಟೆಯಿಂದ ಬಂದ ರೇಷ್ಮೆ ಹುಳುಗಳನ್ನು ಎರಡು ಸಲ ಪೊರೆ ಬಿಡುವವರೆಗೆ ಸಾಕಿ ರೈತರಿಗೆ ಕೊಡುತ್ತೀಯ, ಸುತ್ತಲಿನ ಊರಿನವರೆಲ್ಲ ನಮ್ಮ ಮನೆಯಲ್ಲೇ ಬುಕ್ ಮಾಡುತ್ತಾರೆ ಅಂತ ಅವರಿಗೆ ಹೇಳಲಿಲ್ಲವಾ? ನಿನ್ನ ಜೋಡಿ ಗೌರಿಬಿದನೂರಿನ ನರೇಂದ್ರ, ಮದುವೆ ಮನೆಗಳಲ್ಲಿ ಮೈಕ್ ಹಿಡಿಯುವವನು, ನಿನ್ನ ಕೈ ಹಿಡಿದು “ಈ ಕೈಗಳು ಎಷ್ಟು ಕಷ್ಟ ನೋಡಿವೆಯೋ” ಅಂದಾಗ ಹಾಸ್ಟೆಲ್‌ನಲ್ಲಿ ಎಲ್ಲರೂ “ಆವ್ವ್” ಅಂದರು. ನಾನು ನಿನ್ನ ಉಗುರು ನೋಡಿದೆ. ಅಷ್ಟು ಒಳ್ಳೆಯ ನೇಲ್ ಪಾಲಿಶ್ ಹಾಕಿಕೊಂಡು ಯಾರು ಕಷ್ಟ ನೋಡುತ್ತಾರೆ?

ನೀನು ತುಂಬಾ ಚಂದ ಕಾಣುತ್ತಿದ್ದೆ. ಇದನ್ನು ಟೀವಿಯಲ್ಲಿ ಓದಿಸಿದರೂ ಪರವಾಗಿಲ್ಲ.

ನಿನ್ನ
ತನು


‘ಒಲವಿನ ಅಂಗಳ’, ಬೆಂಗಳೂರು
7 ನವೆಂಬರ್ 2025

ಪ್ರೀತಿಯ ತಂಗಿ ತನುಜಳಿಗೆ,

ನಾನು ಕ್ಷೇಮ. ಇಲ್ಲಿ ಎಲ್ಲರೂ ಒಂದೇ ಕುಟುಂಬದಂತೆ ಇದ್ದೇವೆ. ನರೇಂದ್ರ ಅವರು ತುಂಬಾ ಒಳ್ಳೆಯವರು. ಅವರ ಕಣ್ಣುಗಳಲ್ಲಿ ನನ್ನ ನಾಳೆಗಳು ಕಾಣುತ್ತಿವೆ. ಇಷ್ಟು ದಿನ ಹುಳುಗಳ ನಡುವೆ ಕಳೆದುಹೋಗಿದ್ದ ನನ್ನ ಬದುಕಿಗೆ ಈಗ ಒಂದು ಬೆಳಕು ಬಂದಿದೆ. ಅಮ್ಮನಿಗೆ ನನ್ನ ನಮಸ್ಕಾರಗಳು.

ಇಂತಿ,
ಗೌತಮಿ


ಚಿಕ್ಕಬಳ್ಳಾಪುರ
11 ನವೆಂಬರ್ 2025

ಅಕ್ಕ,

ನಿನ್ನ ಪತ್ರವನ್ನು ಹತ್ತು ಸಲ ಓದಿದೆ. ಕಣ್ಣುಗಳಲ್ಲಿ ನಾಳೆಗಳು! ನಿನಗೆ ನಿಜವಾಗಲೂ ಲವ್ ಆಗಿದೆ ಅಂತ ಕಾಣುತ್ತದೆ. ಖುಷಿ ಆಯಿತು. ಬಟ್ ‘ಹುಳುಗಳ ನಡುವೆ ಕಳೆದುಹೋಗಿದ್ದ ಬದುಕು’ ಅಂದಿದ್ದೀಯಲ್ಲ, ಅದನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ಫೋನಿನಲ್ಲಿ “ಅಕ್ಕ ಚೆನ್ನಾಗಿದಾಳಂತೆ” ಅಂದೆ ಅಷ್ಟೆ. “ಊಟ ಸರಿಯಾಗಿ ಹಾಕ್ತಾರಂತಾ?” ಎಂದು ಕೇಳಿದರು. ನೀನು ಊಟದ ವಿಷಯವೇ ಬರೆದಿಲ್ಲ.

ಈ ಭಾನುವಾರ ‘ಅತ್ತೆ ಮನೆ’ ಎಪಿಸೋಡ್‌ಗೆ ನರೇಂದ್ರ ತನ್ನ ತಾಯಿ ಜೊತೆ ನಮ್ಮ ಮನೆಗೆ ಬರುತ್ತಾನಂತೆ. ನಿನ್ನನ್ನು ಬಿಡುವುದಿಲ್ಲವಂತೆ. ಲೊಕೇಶನ್ ನೋಡಲು ಚಾನೆಲ್‌ನವರು ಒಬ್ಬರು ಬಂದು ಹೋದರು. ಎಲ್ಲ ನಾರ್ಮಲ್. ಅಪ್ಪನಿಗೆ ಚಿಂತಾಮಣಿ ಡಿಪೋದಲ್ಲಿ ರಜೆ ಸಿಗಲಿಲ್ಲ. ನಾನು ಊರಿಗೆ ಹೋಗುತ್ತೇನೆ. ಟೆನ್ಶನ್ ಮಾಡಿಕೊಳ್ಳಬೇಡ, ನಾನು ಮಾಡಿಕೊಳ್ಳುತ್ತಿದ್ದೇನೆ.

ತನು


14 ನವೆಂಬರ್ 2025

ತನೂ,

ಇದನ್ನು ಯಾರೂ ಒಡೆದಿಲ್ಲ. ಕೈಯಲ್ಲಿ ಕೊಟ್ಟವಳು ಮುಸರ್ರತ್, ಇಲ್ಲಿ ಮೇಕಪ್ ಮಾಡುವವಳು. ಶಿಡ್ಲಘಟ್ಟದ ಬಾಬಾಜಾನ್ ಅವರ ಮಗಳು. ನಮ್ಮ ಕಡೆಯ ಗೂಡು ತೆಗೆದುಕೊಂಡು ನೂಲು ಬಿಚ್ಚುತ್ತಾರಲ್ಲ, ಅವರೇ. ರಜೆಗೆ ಊರಿಗೆ ಹೋಗುವಾಗ ಚಿಕ್ಕಬಳ್ಳಾಪುರದಲ್ಲಿ ಇಳಿದು ಕೊಡುತ್ತೇನೆ ಅಂದಿದ್ದಾಳೆ. ಇನ್ನು ಮೇಲೆ ನಿಜ ಬರೆಯುವುದಿದ್ದರೆ ಅವಳ ಕೈಯಲ್ಲಿ ಕೊಡು.

ಹಿಂದಿನ ಪತ್ರ ನನ್ನದಲ್ಲ. ಇಲ್ಲಿ ಪ್ರೀತಿ ಬರೆಯುವುದಕ್ಕೇ ಒಬ್ಬ ಹುಡುಗನಿದ್ದಾನೆ, ಸಂಬಳಕ್ಕೆ. ನಾನು ಕಾಪಿ ಮಾಡಿದೆ. ‘ಹುಳುಗಳ ನಡುವೆ ಕಳೆದುಹೋಗಿದ್ದ’ ಎಂಬಲ್ಲಿ ಪೆನ್ನು ನಿಂತಿತು. ಡೈರೆಕ್ಟರ್ ಮುರಳಿಮೋಹನ್ ಪಕ್ಕದಲ್ಲೇ ಇದ್ದರು. ಬರೆದೆ.

ಮೊನ್ನೆ ನರೇಂದ್ರ ನನಗೆ ಮಲ್ಲಿಗೆ ಮುಡಿಸುವ ಸೀನು. ಒಂದು ಸಲ ಹೂವು ಬಿತ್ತು, ಒಂದು ಸಲ ಲೈಟು ಹೋಯಿತು, ಒಂದು ಸಲ ನನಗೆ ನಾಚಿಕೆ ಸಾಲದಾಯಿತು. ಕೊನೆಗೆ ಅವನು ಕಿವಿಯಲ್ಲಿ ಹೇಳಿದ, “ನಿಮ್ಮ ಜಡೆಗಿಂತ ನನ್ನ ಕೈಯಲ್ಲೇ ಜಾಸ್ತಿ ಮಲ್ಲಿಗೆ ವಾಸ್ನೆ ಬಂದಿದೆ ಕಣ್ರೀ.” ನಗು ಬಂತು. ಅದನ್ನೇ ಓಕೆ ಮಾಡಿದರು. ಕೆಟ್ಟವನಲ್ಲ. ಆದರೆ ಕ್ಯಾಮೆರಾ ಇದ್ದರೆ ಒಂಥರಾ, ಇಲ್ಲದಿದ್ದರೆ ಒಂಥರಾ. ಯಾವುದು ಅವನು ಅಂತ ಇನ್ನೂ ಗೊತ್ತಾಗಿಲ್ಲ.

ನಾನು ಯಾಕೆ ಬಂದೆ ಅಂತ ನೀನು ಒಂದು ಸಲವೂ ಕೇಳಲಿಲ್ಲ. ಕೇಂದ್ರದ ಹೆಸರು ಎಲ್ಲರಿಗೂ ಗೊತ್ತಾಗಲಿ ಅಂತ ಅಮ್ಮನಿಗೆ ಹೇಳಿ ಬಂದೆ. ಅದು ಅರ್ಧ. ನನ್ನನ್ನೂ ಒಂದು ಸಲ ಎಲ್ಲರೂ ನೋಡಲಿ ಅನ್ನಿಸಿತ್ತು. ಅದು ಇನ್ನರ್ಧ. ನೋಡುತ್ತಿದ್ದಾರೆ. ಹಿತವಾಗಿದೆ ಕಣೇ, ಸುಳ್ಳು ಯಾಕೆ ಹೇಳಲಿ.

ಮುಖ್ಯ ವಿಷಯ. ಭಾನುವಾರ ಬರುವವರಿಗೆ ಎಲ್ಲದಕ್ಕೂ ಆರತಿ ಬೇಕು, ಹೊಗೆ ಬೇಕು. ಈಗ ಮನೆಯಲ್ಲಿ ಆಗಷ್ಟೇ ಮರಿಯಾದ ಹುಳು ಇದೆ. ಕರ್ಪೂರ, ಸಾಂಬ್ರಾಣಿ, ಸೆಂಟು ಏನೂ ಹುಳುಮನೆ ಹತ್ತಿರ ಸುಳಿಯದ ಹಾಗೆ ನೋಡಿಕೋ. ಇಲ್ಲಿ ಹೇಳಿದೆ. ತಲೆ ಆಡಿಸಿದರು. ಇವರು ಎಲ್ಲದಕ್ಕೂ ತಲೆ ಆಡಿಸುತ್ತಾರೆ. ಅಮ್ಮನಿಗೆ ಮುಂಚೆಯೇ ಹೇಳಿಬಿಡು.

ಗೌತಮಿ


ಚಿಕ್ಕಬಳ್ಳಾಪುರ
18 ನವೆಂಬರ್ 2025

ಅಕ್ಕ,

ನಿನ್ನ ಪತ್ರ ಸೋಮವಾರ ಸಿಕ್ಕಿತು. ಮುಸರ್ರತ್ ಅಕ್ಕನಿಗೆ ಭಾನುವಾರ ರಜೆ ಕೊಡಲಿಲ್ಲವಂತೆ. ಬಸ್ ಸ್ಟ್ಯಾಂಡಿನಲ್ಲಿ ಕವರ್ ಕೊಡುತ್ತಾ, “ಲೇಟಾಗೋಯ್ತಲ್ಲಮ್ಮ, ಅಲ್ಲಾ, ಎಲ್ಲಾ ಆಗೋಯ್ತಂತಲ್ಲ” ಅಂದರು. ಆಗಿಹೋಗಿತ್ತು.

ನಾನು ನಿನಗೆ ಒಂದು ವಿಷಯ ಬರೆದಿರಲಿಲ್ಲ. ಲೊಕೇಶನ್ ನೋಡಲು ಬಂದವರು ನಮ್ಮ ಮನೆ ಬೇಡ ಅಂದಿದ್ದರು. ಮಹಡಿ ಇದೆ, ಟೈಲ್ಸ್ ಇದೆ, ‘ಸ್ಟ್ರಗಲ್ ಕಾಣಲ್ಲ’ ಅಂತ. ಪಕ್ಕದ ಮಂಗಮ್ಮನವರ ದನದ ಕೊಟ್ಟಿಗೆಯನ್ನು ನಮ್ಮ ಮನೆ ಅಂತ ತೋರಿಸೋಣ ಅಂದರು. ಅಮ್ಮ ಹೇಳಿದ್ದು: “ಅದು ಮಂಗಮ್ಮನ ದನಗಳ ಮನೆ ಸಾರ್. ಅವುನ್ನ ಕೇಳ್ಕೊಂಡು ಬನ್ನಿ, ಒಪ್ಪಿದ್ರೆ ತಕ್ಕೊಳಿ.”

ಭಾನುವಾರ ಮುರಳಿಮೋಹನ್ ಸಾರೇ ಬಂದರು. ಹಾಲ್‌ನಲ್ಲಿ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ ನೋಡಿ ಅಮ್ಮನ ಕಡೆ ತಿರುಗಿದರು. “ಅಮ್ಮ, ಇದನ್ನ ಒಂದರ್ಧ ಗಂಟೆ ಒಳಗಡೆ ಇಡಣಾ? ಫ್ರೇಮ್ ಬ್ಯಾಲೆನ್ಸ್ ಆಗ್ತಿಲ್ಲ.”

“ಅದು ಅಲ್ಲೇ ಇರುತ್ತೆ. ನೀವು ಕ್ಯಾಮೆರಾನ ಅತ್ಲಾಗೆ ತಿರುಗಿಸ್ಕೊಳಿ.”

ಹಾಗಾಗಿ ಶೂಟಿಂಗ್ ಹೊರಗೆ ಬಂತು. ಹುಳುಮನೆಯ ಹಸಿರು ಬಾಗಿಲು ಅವರಿಗೆ ತುಂಬಾ ಹಿಡಿಸಿತು. ಬಂದವರಿಗೆ ಆರತಿ ಎತ್ತಿ ಅಂದರು. ಅಮ್ಮ, “ನಮ್ಮನೇಲಿ ಆರತಿ ಎತ್ತಲ್ಲ. ನೀರು ಕೊಡ್ತೀವಿ, ಟೀ ಕೊಡ್ತೀವಿ, ಊಟಕ್ಕೂ ಇದೆ” ಎಂದು ಒಳಗೆ ಹುಳುವಿಗೆ ಸೊಪ್ಪು ಹಾಕಲು ಹೋದರು. ಮುರಳಿಮೋಹನ್ ಸಾರ್ ಅಲ್ಲೇ ಹೊಸ ಐಡಿಯಾ ಹುಟ್ಟಿಸಿದರು. “ಹಂಗಾದ್ರೆ ಅತ್ತೇನೇ ಸೊಸೆ ಮನೆಗೆ ಆರತಿ ಎತ್ಲಿ! ಎಂಥಾ ಕಾನ್ಸೆಪ್ಟು!” ತಟ್ಟೆ ನರೇಂದ್ರನ ತಾಯಿಯ ಕೈಗೆ ಹೋಯಿತು. ಅವರ ಹೆಸರು ಚಿಕ್ಕವೆಂಕಟಮ್ಮ. ಗೌರಿಬಿದನೂರು ಬಸ್ ಸ್ಟ್ಯಾಂಡ್ ಹತ್ತಿರ ಬಳೆ ಅಂಗಡಿ. ಒಳ್ಳೆ ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದರು. ತಟ್ಟೆ ಹಿಡಿದು ಆ ಬಾಗಿಲನ್ನೇ ನೋಡುತ್ತಾ ಏನೋ ಹೇಳಲು ಬಾಯಿ ತೆಗೆದರು. “ಅಮ್ಮ, ಸ್ಮೈಲ್” ಅಂದರು ಡೈರೆಕ್ಟರ್. ಅವರು ಸ್ಮೈಲ್ ಮಾಡಿದರು.

ಕರ್ಪೂರ ಹಚ್ಚಿದರು. ಒಬ್ಬ ಸಾಂಬ್ರಾಣಿ ಬಟ್ಟಲು ತಂದು ಟೇಬಲ್ ಫ್ಯಾನ್ ಮುಂದೆ ಇಟ್ಟ. ಹೊಗೆ ನೆಟ್ಟಗೆ ಬಾಗಿಲ ಸಂದಿಗೆ. ನಾನು “ಸಾರ್, ಹುಳು...” ಅಂದೆ. ನನ್ನ ದನಿ ನಿನಗೆ ಗೊತ್ತಲ್ಲ, ವೈವಾದಲ್ಲೂ ಹೊರಗೆ ಬರುವುದಿಲ್ಲ.

ಬಾಗಿಲು ತೆಗೆಯಿತು. “ಏಯ್! ಆರ್ಸ್ರೋ ಅದನ್ನ!” ಅನ್ನುವುದೂ, ಅಮ್ಮ ಕೈಗೆ ಸಿಕ್ಕ ಬಕೆಟ್ ಎತ್ತಿ ಸುರಿಯುವುದೂ ಒಂದೇ ಸಲ ಆಯಿತು. ಆರತಿ ಆರಿತು, ಸಾಂಬ್ರಾಣಿ ಬುಸ್ ಅಂತು. ಆಮೇಲೆ ಅಮ್ಮನ ಮುಖ ನೋಡಬೇಕಿತ್ತು. ಬಾಗಿಲಲ್ಲಿ ನಾವು ಕಾಲು ಅದ್ದಿ ಒಳಗೆ ಹೋಗುವ ಬಕೆಟ್ ಅದು, ಬ್ಲೀಚಿಂಗ್ ಪೌಡರ್ ನೀರು. ನೋಡ ನೋಡುತ್ತಾ ನೇರಳೆ ಸೀರೆಯ ಮೇಲೆ ಬಿಳಿ ಮಚ್ಚೆಗಳು ಎದ್ದವು. ರೇಷ್ಮೆ ಹುಳು ಉಳಿಸಲು ಹೋಗಿ ರೇಷ್ಮೆ ಸೀರೆ ಸುಟ್ಟೆವು ಅಕ್ಕ.

“ಅಮ್ಮಾ, ಸೀರೆ!” ಅಂದ ನರೇಂದ್ರ. ಆದರೆ ಅವನು ಅವರಮ್ಮನ ಕಡೆಗಲ್ಲ, ಕ್ಯಾಮೆರಾ ಎಲ್ಲಿದೆ ಅಂತ ಮೊದಲು ನೋಡಿದ. ನಾನು ಗಮನಿಸಿದೆ.

ಅವರು ಕ್ಯಾಮೆರಾ ಆಫ್ ಮಾಡಿ ಪ್ಯಾಕಪ್ ಮಾಡುವಾಗ ಅರ್ಧ ಆರಿದ ಸಾಂಬ್ರಾಣಿ ಇನ್ನೂ ಹೊಗೆಯಾಡುತ್ತಿತ್ತು. ನರೇಂದ್ರ ಅದನ್ನು ಬರಿಗೈಯಲ್ಲಿ ಎತ್ತಿಕೊಂಡು ರಸ್ತೆಯ ಆಚೆಗೆ ಓಡಿಹೋಗಿ ಎಸೆದ. ಬೆರಳು ಸುಟ್ಟಿತು. ಡ್ರಾಮಾ ಅಂದುಕೊಂಡೆ.

ಹುಳು ಚೆನ್ನಾಗಿವೆ. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ.

ತನು


21 ನವೆಂಬರ್ 2025

ತನೂ,

ಇವರು ನನ್ನನ್ನು ಕೂರಿಸಿ ಪ್ರೋಮೋ ತೋರಿಸಿದರು, ನನ್ನ ಮುಖ ಶೂಟ್ ಮಾಡುವುದಕ್ಕೆ. ‘ಆರತಿ ಆರಿಸಿದ ಅತ್ತೆ!’ ಅಂತ ಕೆಂಪು ಅಕ್ಷರ. ಅಮ್ಮ ಬಕೆಟ್ ಎತ್ತುವುದನ್ನು ಮುಂದಕ್ಕೆ ಹಿಂದಕ್ಕೆ ಆಡಿಸಿದ್ದಾರೆ, ಗುಡುಗು ಸೇರಿಸಿದ್ದಾರೆ. ಹುಳು ಎಲ್ಲೂ ಇಲ್ಲ. ಹೊಗೆಯೂ ಇಲ್ಲ. ಬಾಗಿಲು ತೆರೆದು ಒಬ್ಬ ಹೆಂಗಸು ಸುಮ್ಮಸುಮ್ಮನೆ ಬೀಗಿತ್ತಿಯ ಮೇಲೆ ನೀರು ಎರಚುತ್ತಾಳೆ, ಅಷ್ಟೆ.

ಈಗ ವಿಷಯ ಹೀಗಿದೆ. ಬರುವ ವಾರದ ಶೂಟಿಂಗಿನಲ್ಲಿ ನಾನು ಅಂಗಳದ ನಡುವೆ ಕೈ ಮುಗಿದು ನಿಂತು, ಅಮ್ಮನ ಪರವಾಗಿ ನರೇಂದ್ರನ ತಾಯಿಯ ಕಾಲಿಗೆ ಬಿದ್ದು ಕ್ಷಮೆ ಕೇಳಬೇಕು. ‘ನಮ್ಮ ತಾಯಿಗೆ ಸಂಸ್ಕಾರ ಗೊತ್ತಿಲ್ಲ, ದೊಡ್ಡ ಮನಸ್ಸು ಮಾಡಿ’ ಅನ್ನಬೇಕು. ಕೇಳಿದರೆ ಫೈನಲ್‌ಗೆ. ಕೇಳದಿದ್ದರೆ ಮನೆಗೆ.

ನನಗೆ ಫೈನಲ್ ಬೇಕು ತನು. ಬೇಡ ಅಂತ ಬರೆದರೆ ಇದೂ ಆ ಸಂಬಳದ ಹುಡುಗ ಬರೆದ ಪತ್ರವಾಗುತ್ತದೆ. ಅಮ್ಮ ಏನಂದರು? ಒಂದು ಮಾತೂ ಬಿಡದೆ ಬರೆ.

ಇನ್ನೊಂದು. ಪ್ಯಾಕಪ್ ಆಗಿ ಕ್ಯಾಮೆರಾ ಆಫ್ ಆಗಿತ್ತು ಅಂತ ನೀನೇ ಬರೆದಿದ್ದೀಯ. ಹಾಗಾದರೆ ಆ ಸಾಂಬ್ರಾಣಿ ಡ್ರಾಮಾ ಯಾರು ನೋಡಲಿ ಅಂತ? ಇಲ್ಲಿ ಬಂದು ಬೆರಳಿಗೆ ಏನಾಯ್ತು ಅಂದರೆ “ಬಾಗಿಲಿಗೆ ಸಿಕ್ಕಿತು” ಅಂದ.

ಗೌತಮಿ


ಚಿಕ್ಕಬಳ್ಳಾಪುರ
23 ನವೆಂಬರ್ 2025

ಅಕ್ಕ,

ಸಾರಿ ಕೇಳಿಬಿಡು. ಪ್ಲೀಸ್.

ಎರಡು ನಿಮಿಷದ ಕೆಲಸ. ನಾನು ದಿನಕ್ಕೆ ಇಪ್ಪತ್ತು ಸಲ ಸಾರಿ ಕೇಳುತ್ತೇನೆ, ಮೆಸ್‌ನಲ್ಲಿ ತಟ್ಟೆ ತಾಗಿದರೂ ಕೇಳುತ್ತೇನೆ, ಏನೂ ಆಗುವುದಿಲ್ಲ. ನಿನಗೆ ಗೊತ್ತಿಲ್ಲ, ಹೊರಗೆ ಹೇಗಿದೆ ಅಂತ. ಅಮ್ಮ ಬಕೆಟ್ ಎತ್ತುವ ರೀಲ್ಸ್ ಎಲ್ಲರ ಫೋನಿನಲ್ಲೂ ಇದೆ. ಹಾಸ್ಟೆಲ್‌ನಲ್ಲಿ ಯಾರಾದರೂ ನೀರು ಚೆಲ್ಲಿದರೆ “ಏಯ್, ಆರ್ಸ್ರೋ!” ಅಂತ ಕೂಗುತ್ತಾರೆ. ನಾನೂ ನಕ್ಕೆ. ಅವರು ನನ್ನ ಅಮ್ಮ ಅಂತ ಇಲ್ಲಿ ಯಾರಿಗೂ ಹೇಳಿಲ್ಲ.

ಅಮ್ಮ ಏನಂದರು ಅಂತ ಕೇಳಿದ್ದೀಯ. ಫೋನ್ ಮಾಡಿ ಎಲ್ಲ ಹೇಳಿದೆ. ಆಮೇಲೆ, “ಅವ್ಳ ಆಟ, ಅವ್ಳ ಇಷ್ಟ. ನಾನು ಯಾರ್ನ ಏನು ಕೇಳ್ಬೇಕೋ ಕೇಳಿದೀನಿ” ಅಂದರು. ಏನು ಕೇಳಿದಿರಿ, ಯಾರನ್ನ ಅಂದರೆ, “ಸೊಪ್ಪು ಬಂತು, ಇಡು” ಅಂತ ಕಟ್ ಮಾಡಿದರು. ಬಹುಶಃ ಅವರಿಗೂ ನೀನು ಸಾರಿ ಕೇಳುವುದು ಓಕೆ.

ಅಕ್ಕ, ಇಷ್ಟು ದೂರ ಹೋಗಿ ವಾಪಸ್ ಬರಬೇಡ.

ತನು


ಚಿಕ್ಕಬಳ್ಳಾಪುರ
30 ನವೆಂಬರ್ 2025

ಅಕ್ಕ,

ನಿನ್ನೆ ನೋಡಿದೆ. ನೀನು ಅಂಗಳದ ನಡುವೆ ನಿಂತಿದ್ದೆ. ನಿರೂಪಕಿ ಕೇಳಿದರು, ನೀನು ಮಾತಾಡಲಿಲ್ಲ. ಮತ್ತೆ ಕೇಳಿದರು, ಮಾತಾಡಲಿಲ್ಲ. ಪಿಟೀಲು ಬಂತು. ನಿನ್ನ ಕಣ್ಣು, ತುಳಸಿ, ನರೇಂದ್ರನ ಕಣ್ಣು, ಮತ್ತೆ ನಿನ್ನ ಕಣ್ಣು. ‘ಹಠವೇ ಮುಳುವಾಯಿತೇ?’ ಅಂತ ಬರೆದರು. ನೀನು ಬಾಗಿಲು ದಾಟಿ ಹೋದೆ.

ಅಷ್ಟು ಹೊತ್ತು ಸುಮ್ಮನೆ ನಿಂತವಳನ್ನು ನಾನು ನಮ್ಮ ಮನೆಯಲ್ಲಿ ಯಾವತ್ತೂ ನೋಡಿಲ್ಲ. ನಿನಗೆ ಏನು ಮಾಡಿದರು? ಹೆದರಿಸಿದರಾ? ನಾನು ಸಾರಿ ಕೇಳು ಅಂದದ್ದಕ್ಕೆ ನಿನಗೆ ಏನೂ ಹೇಳಲಾಗದೆ ಹಾಗೆ ನಿಂತೆಯಾ? ಫೈನಲ್ ಟೆಲಿಕಾಸ್ಟ್ ಆಗುವವರೆಗೆ ಗೆಸ್ಟ್ ಹೌಸಿನಿಂದ ಬಿಡುವುದಿಲ್ಲವಂತೆ, ಫೋನೂ ಇಲ್ಲವಂತೆ. ಇದನ್ನು ಮುಸರ್ರತ್ ಅಕ್ಕನ ಕೈಯಲ್ಲಿ ಕೊಡುತ್ತಿದ್ದೇನೆ. ಒಂದು ಸಾಲು ಬರೆ. ಬೈದಾದರೂ ಬರೆ.

ತನು


ಗೆಸ್ಟ್ ಹೌಸ್, ಬೆಂಗಳೂರು
1 ಡಿಸೆಂಬರ್ 2025

ತನೂ,

ಬೈಯುವುದಕ್ಕೆ ಏನಿದೆ. ನೀನು ನೋಡಿದ್ದು ಎರಡನೇ ಟೇಕ್.

ಮೊದಲನೆಯದು ಹೇಳುತ್ತೇನೆ. ನಿರೂಪಕಿ ಬಂದು, “ಗೌತಮಿ, ತಾಯಿಯ ತಪ್ಪಿಗೆ ಮಗಳಾಗಿ ನೀವು...” ಎಂದು ಎಳೆದರು. ನಾನು ಬೆಳಿಗ್ಗೆಯಿಂದ ಆ ಸಾಲು ಬಾಯಿಪಾಠ ಮಾಡಿದ್ದೆ ಕಣೇ, ಸತ್ಯವಾಗಿ. ಕೇಳಿಯೇಬಿಡೋಣ ಅಂತಲೇ ನಿಂತಿದ್ದೆ. ಬಾಯಿ ತೆಗೆದರೆ ಬಂದದ್ದು ಬೇರೆ. “ನಮ್ಮಮ್ಮಂದು ಏನ್ ತಪ್ಪು? ಆ ಹೊಗೆ ಒಳಕ್ಕೋಗಿದ್ರೆ ಹುಳ ಪೂರ್ತಿ ಹೋಗ್ತಿತ್ತು. ಅದ್ನೇ ನಂಬ್ಕೊಂಡು ಸೊಪ್ಪು ಬೆಳ್ದಿರೋ ರೈತ್ರಿಗೆ ನೀವು ಹೋಗಿ ಆರತಿ ಎತ್ತೀರಾ? ನಾನಿದ್ದಿದ್ರೂ ಸುರೀತಿದ್ದೆ.”

ಆಗ ನರೇಂದ್ರ ಮುಂದೆ ಬಂದ. ಅವನಿಗೂ ಒಂದು ಸಾಲು ಕೊಟ್ಟಿದ್ದರು. ಮದುವೆ ಮನೆಯ ದನಿಯಲ್ಲಿ, “ಗೌತಮಿ, ನಾನು ನಿಮ್ಮ ತಾಯಿಯನ್ನು ಕ್ಷಮಿಸಿದ್ದೇನೆ” ಅಂದ.

“ನಿನ್ನ ಯಾರಪ್ಪ ಕೇಳಿದ್ದು?” ಅಂದೆ.

ಶೂಟಿಂಗ್ ನೋಡಲು ಕೂತಿದ್ದ ಜನ ನಕ್ಕುಬಿಟ್ಟರು. ಅವನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಚಿಕ್ಕವೆಂಕಟಮ್ಮ ಎದ್ದು ನಿಂತರು. ಒಬ್ಬ ಮೈಕ್ ಹಿಡಿದು ಓಡಿಬಂದ. “ಮೈಕ್ ಬ್ಯಾಡ ಬಿಡಪ್ಪ. ಬಸ್ ಸ್ಟ್ಯಾಂಡ್‌ನಾಗೆ ಬಳೆ ಮಾರೋಳು ನಾನು, ಕೇಳುಸ್ತದೆ” ಅಂದರು. ಕೇಳಿಸಿತು.

“ಏಮ್ರಾ ನರೇಂದ್ರ, ಸೀರೆ ನಂದು, ಕ್ಷಮ್ಸೋದು ನೀನಾ? ನಮ್ ತೌರ್ಮನೇಲೂ ಹುಳ ಮೇಯಿಸ್ತಿದ್ರು. ಹೊಗೆ ಆಗಲ್ಲ ಅಂತ ನಂಗೆ ಗೊತ್ತಿಲ್ವಾ? ಗೊತ್ತಿದ್ದೇ ತಟ್ಟೆ ಹಿಡ್ಕೊಂಡೆ, ಟೀವೀಲಿ ಬರ್ತೀನಲ್ಲ ಅಂತ. ನಂಗೆ ಬಿತ್ತು ನೀರು, ಸರಿಯಾಗೇ ಬಿತ್ತು. ಈ ಹುಡುಗಿ ಅವ್ರಮ್ಮ ಮುನಿಗಂಗಮ್ಮ ಅವತ್ತು ಸಂಜೇನೇ ಫೋನ್ ಮಾಡಿ, ‘ಅಕ್ಕಾ, ಬೆಂಕಿ ಆರ್ಸಿದ್ದಕ್ಕೆ ಬೇಜಾರಿಲ್ಲ, ನಿಮ್ಮ ಸೀರೆ ಹಾಳ್ಮಾಡಿದ್ದಕ್ಕೆ ಬೇಜಾರದೆ’ ಅಂದ್ಲು. ನಾವಿಬ್ರೂ ಮಾತಾಡ್ಕೊಂಡಾಯ್ತು. ಇನ್ನ ನಿಮ್ದೇನು ಮಧ್ಯ?”

ಅಮ್ಮ ಯಾರನ್ನು ಏನು ಕೇಳಿದ್ದರು ಅಂತ ಈಗ ಗೊತ್ತಾಯಿತಾ?

“ಕಟ್!” ಅಂದರು ಮುರಳಿಮೋಹನ್. ಚಿಕ್ಕವೆಂಕಟಮ್ಮನವರನ್ನು ಜ್ಯೂಸ್ ಕುಡಿಯಲು ಹೊರಗೆ ಕರೆದುಕೊಂಡು ಹೋದರು, ವಾಪಸ್ ಬಿಡಲಿಲ್ಲ. ನನ್ನನ್ನು ಬದಿಗೆ ಕರೆದು ನಿಧಾನಕ್ಕೆ ಮಾತಾಡಿದರು. ಒಳ್ಳೆಯ ಮಾತೇ. “ನೋಡಮ್ಮ, ಜನ ನಿನ್ನ ಇಷ್ಟಪಡ್ತಿದಾರೆ. ಕೈ ಮುಗಿ, ಕಣ್ಣಲ್ಲಿ ಒಂಚೂರು ನೀರು, ಮುಗೀತು. ಫೈನಲ್ ನಿಂದೇ. ಒಂದ್ವಾರಕ್ಕೆ ಎಲ್ರೂ ಮರ್ತೋಗ್ತಾರೆ.”

ಮತ್ತೆ ಲೈಟು ಹಾಕಿದರು. ಮತ್ತೆ ಅದೇ ಪ್ರಶ್ನೆ. ಮೊದಲ ಸಲ ಕೋಪಕ್ಕೆ ಮಾತು ಬಂದಿತ್ತು. ಈ ಸಲ ಕೋಪ ಇರಲಿಲ್ಲ, ಯೋಚನೆ ಮಾಡಲು ಟೈಮ್ ಇತ್ತು. ನಿನ್ನ ಪತ್ರವೂ ನೆನಪಿತ್ತು. ಎರಡು ನಿಮಿಷದ ಕೆಲಸ. ಆದರೆ ಅಂಗಳದ ನಡುವೆ ಕೈ ಮುಗಿದು ನಿಲ್ಲುವುದು ಅಂದಾಗ ಅಜ್ಜಿ ನೆನಪಾದರು. ಅವರು ಬೇರೆಯವರ ಅಂಗಳದ ಅಂಚಿನಲ್ಲಿ ಹಾಗೆ ನಿಂತೇ ಮುದುಕಿಯಾದವರು. ಅಮ್ಮ ಎಲ್ಲೂ ಹಾಗೆ ನಿಲ್ಲಲಿಲ್ಲ. ನಿಲ್ಲದೇ ಇರುವುದಕ್ಕೇ ಆ ಮನೆ ಕಟ್ಟಿದ್ದು, ಆ ಟೈಲ್ಸ್ ಹಾಕಿಸಿದ್ದು. ಪ್ಲಾಸ್ಟಿಕ್ ತುಳಸಿಯ ಅಂಗಳವೇ ಇರಲಿ, ನಾನು ಈಗ ನಿಂತರೆ ಅಮ್ಮ ಅದನ್ನು ಟೀವಿಯಲ್ಲಿ ನೋಡಬೇಕು. ಜನ ಮರೆತಾರು. ಅಮ್ಮ ಮರೆಯುವುದಿಲ್ಲ, ನಾನೂ ಮರೆಯುವುದಿಲ್ಲ.

ಮಾತಾಡಿದರೆ ಕತ್ತರಿಸುತ್ತಾರೆ ಅಂತ ಗೊತ್ತಾಗಿತ್ತಲ್ಲ, ಬಾಯಿಯೇ ಬಿಡಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ನೆಟ್ಟಗೆ ನಿಂತೆ. ಮತ್ತೆ ಮತ್ತೆ ಕೇಳಿದರು, ಹಾಗೇ ನಿಂತೆ. ಕೊನೆಗೆ ಪಿಟೀಲು ಹಾಕುವುದು ಬಿಟ್ಟು ಅವರಿಗೆ ಬೇರೆ ದಾರಿ ಇರಲಿಲ್ಲ.

ಹೊರಗೆ ಬಂದಾಗ ಮುಸರ್ರತ್ ನನ್ನ ಮೇಕಪ್ ಒರೆಸುತ್ತಾ ಹೇಳಿದಳು, “ಎಷ್ಟ್ ಸಲ ನಿನಗೆ ಮೇಕಪ್ ಮಾಡಿದೀನಿ ಗೌತಮಿ, ಇವತ್ತಿನಷ್ಟು ಚೆನ್ನಾಗಿ ಯಾವತ್ತೂ ಕಂಡಿಲ್ಲ ನೀನು. ಕಸಂ ಸೆ.”

ಫೈನಲ್ ಹೋಯಿತು. ಹೊಟ್ಟೆ ಉರಿಯುತ್ತಿದೆ. ನಾಚಿಕೆ ಮಾತ್ರ ಇಲ್ಲ.

ಗೌತಮಿ


ಚಿಕ್ಕಬಳ್ಳಾಪುರ
5 ಡಿಸೆಂಬರ್ 2025

ಅಕ್ಕ,

ನಾನು ಅದನ್ನು ಸೋಲು ಅಂತ ನೋಡಿದೆ. ನೀನು ಹೆದರಿ ನಿಂತಿದ್ದೀಯ ಅಂತ ಪೂರ್ತಿ ಒಂದು ರಾತ್ರಿ ಅತ್ತೆ. ನಿನ್ನ ಪತ್ರ ಓದಿದ ಮೇಲೆ ಫೋನಿನಲ್ಲಿ ಆ ಎಪಿಸೋಡ್ ಮತ್ತೆ ಹಾಕಿ, ಸೌಂಡ್ ಮ್ಯೂಟ್ ಮಾಡಿ ನೋಡಿದೆ. ಪಿಟೀಲು ಇಲ್ಲದಿದ್ದರೆ ನೀನು ಬೇರೆಯೇ ಕಾಣುತ್ತೀಯ. ನಿರೂಪಕಿಯೇ ನಿನ್ನ ಮುಂದೆ ಕೈ ಮುಗಿದು ನಿಂತ ಹಾಗಿದೆ.

ಇವತ್ತು ಮೆಸ್‌ನಲ್ಲಿ ಯಾರದೋ ಸಾಂಬಾರ್ ಚೆಲ್ಲಿತು. “ಏಯ್, ಆರ್ಸ್ರೋ!” ಅಂದರು, ಎಲ್ಲ ನಕ್ಕರು. ನಾನು ಎದ್ದು ನಿಂತು, “ಅದು ನಮ್ಮಮ್ಮ” ಅಂದೆ. ಯಾರಿಗೂ ಕೇಳಿಸಲಿಲ್ಲ. ನನ್ನ ದನಿ ತಾನೆ. ಕೂತುಬಿಡೋಣ ಅನ್ನಿಸಿತು. ಚಮಚದಿಂದ ತಟ್ಟೆ ಬಡಿದು ಜೋರಾಗಿ ಹೇಳಿದೆ. “ಅದು ನಮ್ಮಮ್ಮ! ಮುನಿಗಂಗಮ್ಮ! ಗೌತಮಿ ನಮ್ಮಕ್ಕ! ಬಕೆಟ್ ಎತ್ತಿದ್ದು ಯಾಕೆ ಅಂತ ಗೊತ್ತಾ ನಿಮಗೆ?” ಆಮೇಲೆ ಎಲ್ಲವನ್ನೂ ಹೇಳಿದೆ. ಹುಳು, ಹೊಗೆ, ಕೊಟ್ಟಿಗೆ, ಫೋಟೋ, ಮೊದಲ ಟೇಕ್, ಎಲ್ಲ. ಅನ್ನ ತಣ್ಣಗಾಯಿತು, ಯಾರೂ ಏಳಲಿಲ್ಲ.

ಮುಗಿಸಿದ ಮೇಲೆ ಚಿಂತಾಮಣಿಯ ಹುಡುಗಿ ಒಬ್ಬಳು ಕೈ ಎತ್ತಿದಳು. ಕಣ್ಣಲ್ಲಿ ನೀರು. ಏನೋ ದೊಡ್ಡದು ಕೇಳುತ್ತಾಳೆ ಅಂದುಕೊಂಡೆ. “ಅದೆಲ್ಲ ಸರಿ ಕಣೇ ತನುಜ, ಆ ನರೇಂದ್ರ ನಿಜವಾಗ್ಲೂ ಅಷ್ಟು ಹೈಟ್ ಇದಾನಾ?”

ಇದಾನೆ ಅಂದೆ. ಸುಳ್ಳು ಯಾಕೆ ಹೇಳಲಿ.

ನಿನ್ನ ತಂಗಿ
ತನುಜ


ಊರಿನಿಂದ
15 ಡಿಸೆಂಬರ್ 2025

ತನೂ,

ಈಗ ಕೈಯಲ್ಲಿ ಫೋನಿದೆ. ಆದರೂ ಬರೆಯುವುದೇ ರೂಢಿಯಾಗಿದೆ. ಫೋನಿನಲ್ಲಿ ನೀನು ಮಧ್ಯೆ ಮಧ್ಯೆ ಹೆದರುತ್ತೀಯ.

ಬೆಳಿಗ್ಗೆ ಬಸ್ಸಿನಿಂದ ಚಿಕ್ಕವೆಂಕಟಮ್ಮ ಇಳಿದರು. ಕ್ಯಾಮೆರಾ ಇಲ್ಲ, ರೇಷ್ಮೆ ಸೀರೆಯೂ ಇಲ್ಲ. ವಾಯಲ್ ಸೀರೆ ಉಟ್ಟು, ಅಮ್ಮನ ಅಳತೆಗೆ ಅಂತ ಬಳೆ ಕಟ್ಟು ಹಿಡಿದುಕೊಂಡು ಬಂದಿದ್ದರು. ಹಿಂದೆ ನರೇಂದ್ರ. ನಮ್ಮ ಜೋಡಿ ಫೈನಲ್‌ಗೆ ಹೋಗಲಿಲ್ಲವಲ್ಲ, ಬೇರೊಬ್ಬಳ ಜೊತೆ ಸೇರಿಸುತ್ತೇವೆ ಅಂದರಂತೆ, ಇವನು ಬೇಡ ಅಂದನಂತೆ. ಹೇಳಿದ್ದು ಅವರಮ್ಮ. ಅವನು ನನ್ನ ಮುಂದೆ ಬಂದು ನಿಂತು, ಮೈಕ್ ಇಲ್ಲದೆ ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ, “ಆ ಸಾಲು ನಾನು ಹೇಳ್ಬಾರ್ದಾಗಿತ್ತು ಕಣ್ರೀ” ಅಂದ.

“ಹೌದು” ಅಂದೆ. ಒಳಗೆ ಬಾ ಅನ್ನಲಿಲ್ಲ.

ಅಷ್ಟರಲ್ಲಿ ಸ್ಕೂಲಿನ ಮಕ್ಕಳು ಅವನನ್ನು ಗುರುತು ಹಿಡಿದರು. “ಅಂಗಳದ ನರೇಂದ್ರ! ಅಂಗಳದ ನರೇಂದ್ರ!” ಸೆಲ್ಫಿ, ಕೇಕೆ, ಮಂಗಮ್ಮನವರೂ ಹಟ್ಟಿಯಿಂದ ಓಡಿಬಂದು ಒಂದು ಸೆಲ್ಫಿ. ಅವನು ಬೇಲಿಯ ಹತ್ತಿರ ನಿಂತು ಎಲ್ಲರಿಗೂ ಅದೇ ಒಂದು ನಗು ಕೊಡುತ್ತಿದ್ದ. ಟೀವಿಯ ನಗು.

ಒಳಗೆ ಅಮ್ಮನೂ ಅವರೂ ಮುದ್ದೆ, ಬಸ್ಸಾರು ಮುಂದಿಟ್ಟುಕೊಂಡು ಕೂತಿದ್ದರು. ಗೌರಿಬಿದನೂರಿನ ಕಡೆ ಬಸ್ಸಾರಿಗೆ ಏನು ಹಾಕುತ್ತಾರೆ, ಇಲ್ಲಿ ಏನು ಹಾಕುತ್ತಾರೆ ಅಂತ ಜಗಳ. “ನಿಮ್ದು ಬರೀ ಖಾರ ಕಣಮ್ಮೋ ಮುನಿಗಂಗಮ್ಮ” ಅನ್ನುತ್ತಲೇ ಎರಡನೇ ಮುದ್ದೆ ಮುರಿದರು.

ಅಮ್ಮ ಕಿಟಕಿಯಿಂದ ಹೊರಗೆ ನೋಡಿ ನನಗೆ, “ಆ ಹುಡುಗನ್ನ ಒಳಕ್ಕೆ ಕರಿಯಲ್ವೇನೇ?” ಅಂದರು.

“ಇನ್ನೊಂಚೂರು ಹೊತ್ತು ನಿಂತಿರ್ಲಿ ಬಿಡಮ್ಮ. ಎಲ್ರೂ ನೋಡ್ತಾವ್ರಲ್ಲ.”

“ಇರ್ಲಿ ಬಿಡು ಮುನಿಗಂಗಮ್ಮ,” ಅಂದರು ಚಿಕ್ಕವೆಂಕಟಮ್ಮ, “ನೋಡ್ಸ್ಕೊಳೋಕೆ ಅಲ್ವಾ ಅವ್ನು ಹೋಗಿದ್ದು.”

ನಾನೂ ಅದಕ್ಕೇ ತಾನೆ ಹೋಗಿದ್ದು. ಅವರಿಗೆ ಹೇಳಲಿಲ್ಲ.

ಕಿಟಕಿಯ ಹತ್ತಿರ ಕೂತು ಇದನ್ನು ಬರೆಯುತ್ತಿದ್ದೇನೆ. ಸ್ಕೂಲ್ ಬೆಲ್ ಹೊಡೆಯಿತು, ಮಕ್ಕಳೆಲ್ಲ ಓಡಿದರು. ಮಂಗಮ್ಮ ಫೋಟೋ ತೋರಿಸಲು ಬೀದಿಗೆ ಹೋದರು. ಅವನ ನಗು ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ಇಳಿಯಿತು. ಕಲ್ಲಿನ ಮೇಲೆ ಕೂತು ಶೂಗೆ ಹತ್ತಿದ ಸಗಣಿಯನ್ನು ಕಡ್ಡಿಯಿಂದ ಕೆರೆಯುತ್ತಿದ್ದಾನೆ. ಮುಖದಲ್ಲಿ ಏನೂ ಇಲ್ಲ. ಒಳ್ಳೆಯ ಮುಖ.

ಈಗ ಅವನನ್ನು ಯಾರೂ ನೋಡುತ್ತಿಲ್ಲ. ಹೋಗಿ ಕರೆಯುತ್ತೇನೆ.

ನಿನ್ನ ಅಕ್ಕ
ಗೌತಮಿ